ಎಡಗೈ ಬೆಂಚು

ಬಿಸಿನೀರಿಗೆ ಸೋಡಾಪುಡಿ ಕದಡಿ, ಬ್ರಷ್ಷು ಸವೆಯುವ ಹಾಗೆ ಉಜ್ಜಿದರೂ ಟ್ರೈಲರಿನ ಗೋಡೆಯಿಂದ ಮೀನಿನ ವಾಸನೆ ಬಿಡುತ್ತಿರಲಿಲ್ಲ. ತಗಡಿನ ಪಕ್ಕೆಗಳ ಸಂದಿಯಲ್ಲಿ ಮೀನಿನ ಹುರುಪೆಗಳು ಒಣಗಿ ಅಂಟಿಕೊಂಡು ಅಭ್ರಕದ ಚೂರುಗಳಂತೆ ಹೊಳೆಯುತ್ತಿದ್ದವು. ತಾಯಿ ಅವನ್ನು ಹಳೆಯ ಚಮಚದ ಹಿಡಿಯಿಂದ ಕೆರೆದು ಬಕೆಟ್ಟಿಗೆ ಹಾಕಿದಳು, ಮತ್ತೆ ಉಜ್ಜಿದಳು. ನಾಲ್ಕು ಕಡೆಯೂ ತಗಡು, ಮೇಲೂ ತಗಡು, ಹಿಂದೆ ಜೋಡಿ ಬಾಗಿಲು, ಕಿಟಕಿಯೇ ಇಲ್ಲ. ಒಳಗೆ ನಿಂತು ಕೆಮ್ಮಿದರೆ ಕೆಮ್ಮು ತಿರುಗಿ ಕೆಮ್ಮಿದವರ ಕಿವಿಗೇ ಬರುತ್ತಿತ್ತು.

"ಸಾಕು ಬಿಡು," ಎಂದ ಮೇಸ್ತ್ರಿ, ಬಾಗಿಲಲ್ಲಿ ನಿಂತು. "ಮೇಲೆ ಪ್ಲೈವುಡ್ ಹೊಡೀತೀವಲ್ಲ. ವಾಸನೆ ಒಳಗೇ ಸತ್ತುಹೋಗುತ್ತೆ."

"ಮುಚ್ಚಿಟ್ರೆ ವಾಸನೆ ಸಾಯುತ್ತೇನ್ರೀ? ಎಲ್ಲಿ ಕೇಳಿದ್ರಿ ಈ ಶಾಸ್ತ್ರಾನ?"

ಮೇಸ್ತ್ರಿ ಬಕೆಟ್ಟು ಎತ್ತಿಕೊಂಡು ಹೋಗಿ ಮೋರಿಗೆ ಸುರಿದು ಬಂದ. ಮಾತಿಗೆ ಮಾತು ಕೊಡುವ ಅಭ್ಯಾಸ ಅವನಿಗೆ ತಪ್ಪಿಹೋಗಿತ್ತು.

ಮಗ ಸತ್ತ ಮೇಲೆ ಮನೆಯ ಪಕ್ಕದ ಗಾಡಿ ರಿಪೇರಿ ಶೆಡ್ಡಿಗೆ ಬೀಗ ಹಾಕಿದವನು ಪಾನಾ ಮುಟ್ಟಿರಲಿಲ್ಲ. ಲಾರಿಯವರು, ಟ್ರ್ಯಾಕ್ಟರಿನವರು ಬಂದು ಬೀಗ ನೋಡಿ, ನಿಂತು, ಹೋಗುತ್ತಿದ್ದರು. ಹಾಗಿದ್ದವನು ಒಂದು ದಿನ ಇದ್ದಕ್ಕಿದ್ದ ಹಾಗೆ ಎದ್ದು, ಮೀನಿನವನ ಕೆಟ್ಟ ವ್ಯಾನಿನ ಎಂಜಿನ್ನು ಬಿಚ್ಚಿ ಕೂಡಿಸಿ ಕೊಟ್ಟು, ಬದಲಿಗೆ ಈ ಮುಚ್ಚಿದ ಟ್ರೈಲರನ್ನು ಎಳೆಸಿಕೊಂಡು ಬಂದಿದ್ದ. ಓಡಾಡುವ ವರ್ಕ್‌ಶಾಪ್ ಮಾಡುತ್ತೇನೆ ಎಂದಿದ್ದ. ಗಾಡಿ ಕೆಟ್ಟ ಜಾಗಕ್ಕೆ ನಾವೇ ಹೋಗುವುದು, ಶೆಡ್ಡಿನ ಹಂಗೇ ಬೇಡ. ಮಂಡಿ ಮಡಿಸಲಾಗದ ಗಂಡ ಊರೂರು ತಿರುಗಿ ಗಾಡಿಯ ಕೆಳಗೆ ಹೇಗೆ ನುಗ್ಗುತ್ತಾನೆ ಎಂದು ತಾಯಿ ಕೇಳಲಿಲ್ಲ. ಕೈಗೆ ಕೆಲಸ ಬಂತಲ್ಲ, ಅಷ್ಟೇ ಸಾಕು ಎಂದುಕೊಂಡಳು.

ಅವಳಿಗೆ ಬೇಕಾಗಿದ್ದುದು ಬೇರೆ. ಗೋಡೆಯ ಕನ್ನಡಿಯ ಹಿಂದೆ ಮಗಳ ಪತ್ರ ಸಿಕ್ಕಿಕೊಂಡು ಕೂತಿತ್ತು. ಫೋನು ಮಾಡಿದರೆ ಅಪ್ಪ ಎತ್ತುವುದಿಲ್ಲ, ಅಮ್ಮ ಎತ್ತಿದರೆ ಬರೀ ಅಳುತ್ತಾಳೆ, ಅದಕ್ಕೇ ಪತ್ರ ಬರೆದಿದ್ದಳು. ಎರಡೇ ಮಾತು: ಇಲ್ಲಿ ಕೆಲಸದ ವರ್ಕ್‌ಶಾಪ್ ಮುಚ್ಚುತ್ತಿದ್ದಾರೆ. ನಾನು ಮನೆಗೆ ಬರಲಾ? ಬೇಸಿಗೆಯಲ್ಲಿ ಬಂದ ಪತ್ರ. ಈಗ ಮಳೆಯೂ ಮುಗಿದಿತ್ತು. ಕೇಳಿದಾಗಲೆಲ್ಲ ಮೇಸ್ತ್ರಿ "ಬರೀತೀನಿ" ಅನ್ನುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಕಡೆಗೂ ಬೆಳಕಿಲ್ಲ, ಈ ಕಡೆಗೂ ಇಲ್ಲ.

ಪ್ಲೈವುಡ್ ಹೊಡೆಯುವ ದಿನ ಪಕ್ಕದ ಬೀದಿಯ ಬಡಗಿ ಬಂದ. ದಪ್ಪ ಹೊಟ್ಟೆಯ, ಬಾಯಿಬಡುಕ ಮನುಷ್ಯ.

"ಏನು ಮೇಸ್ತ್ರಿ, ಮೀನು ಹಿಡಿಯೋಕೆ ಹೊರಟ್ರಾ?" ಎಂದು ಮೂಗು ಹಿಡಿದುಕೊಂಡ. "ಅತ್ತಿಗೆ, ಇದರೊಳಗೆ ಕೆಲಸ ಮಾಡಿದ್ರೆ ಬೀದಿ ಬೆಕ್ಕೆಲ್ಲ ನಿಮ್ಮ ಮನೆ ಗಿರಾಕಿ."

"ನಿಮ್ಮ ಮೂಗು ಸರಿ ಇದೆಯಲ್ಲ, ಸದ್ಯ. ಕೈಯೂ ಹಾಗೇ ಕೆಲಸ ಮಾಡ್ಲಿ," ಎಂದಳು ತಾಯಿ.

ಬಡಗಿ ಬೆಂಚನ್ನು ಹಿಂದಿನ ಬಾಗಿಲ ಹತ್ತಿರ ಕೂರಿಸೋಣ ಎಂದ, ಬೆಳಕು ಬೀಳುತ್ತದೆ. ಮೇಸ್ತ್ರಿ ಒಪ್ಪಲಿಲ್ಲ. ಭಾರವೆಲ್ಲ ಅಚ್ಚಿನಿಂದ ಮುಂದಕ್ಕಿರಬೇಕು, ಹಿಂದೆ ಭಾರ ಬಿದ್ದರೆ ಕೊಕ್ಕೆ ಮೇಲೇಳುತ್ತದೆ, ಟ್ರೈಲರ್ ಹಾವಿನ ಹಾಗೆ ಆಡಿ ಎಳೆಯುವ ಗಾಡಿಯನ್ನೂ ಹಳ್ಳಕ್ಕೆ ಕೆಡವುತ್ತದೆ ಎಂದ. "ನಮ್ಮ ಮನೆ ಥರಾನೇ ಅನ್ನಿ," ಎಂದ ಬಡಗಿ. "ಹಿಂದಿರೋಳು ತೂಕ ಹಾಕಿದ್ರೆ ಮುಂದಿರೋನು ಮೋರಿಗೆ." ಮೇಸ್ತ್ರಿಯ ಮೀಸೆ ಕೊಂಚ ಅಲುಗಿತು. ತಾಯಿ ಅದನ್ನು ನೋಡಿದಳು.

ಮಾಡಿಗೆ ಹಲಗೆ ಏರಿಸಿದಾಗ ಬಡಗಿ ಎರಡೂ ಕೈ ಎತ್ತಿ ತಲೆಯನ್ನೂ ಕೊಟ್ಟು ನಿಂತಿದ್ದ. ಮೇಸ್ತ್ರಿ ಡ್ರಿಲ್ ಹಿಡಿದು ಕೇಳಿದ:

"ಹಿಡ್ಕೊಂಡ್ಯಾ?"

"ಆಯ್ತು, ಹೊಡೀರಿ."

ಎತ್ತಿದ ಡ್ರಿಲ್ ಅಲ್ಲೇ ನಿಂತಿತು. ಮೇಸ್ತ್ರಿ ಅದನ್ನು ಕೆಳಗಿಳಿಸಿ ಬಡಗಿಯ ಕೈಗಳನ್ನು ನೋಡಿದ. ಬಡಗಿ ನಾಲಿಗೆ ಕಚ್ಚಿಕೊಂಡ.

"ಹಿಡ್ಕೊಂಡಿದ್ದೀನಿ ಮೇಸ್ತ್ರಿ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೀನಿ. ನೋಡಿ."

'ಆಯ್ತು' ಅನ್ನುವ ಮಾತನ್ನು ಈ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಎಲ್ಲ ಕಡೆ ದಿನಕ್ಕೆ ನೂರು ಸಲ ಆಡುವ ಮಾತು. ಮಾಡುತ್ತೇನೆ ಅನ್ನುವುದಕ್ಕೂ ಅದೇ, ಮಾಡಿ ಮುಗಿಸಿದೆ ಅನ್ನುವುದಕ್ಕೂ ಅದೇ. ಆವತ್ತು ಶೆಡ್ಡಿನಲ್ಲಿ ನೀರಿನ ಟ್ಯಾಂಕರಿಗೆ ಜಾಕಿ ಕೊಟ್ಟು ಎತ್ತಿದ್ದರು. ಮಕ್ಕಳಲ್ಲಿ ತಮ್ಮ ಆ ಬದಿಯಲ್ಲಿ, ಅಕ್ಕ ಈ ಬದಿಯಲ್ಲಿ. ಜಾಕಿ ಎತ್ತಿದ ಗಾಡಿಗೆ ಅದರ ಪಕ್ಕದಲ್ಲೇ ಕಬ್ಬಿಣದ ಸ್ಟ್ಯಾಂಡ್ ಕೊಡದೆ ಕೆಳಗೆ ಹೋಗಬಾರದು, ಅದು ಇಬ್ಬರಿಗೂ ಗೊತ್ತಿದ್ದ ಪಾಠ. "ಅಕ್ಕಾ, ಸ್ಟ್ಯಾಂಡು," ಎಂದು ತಮ್ಮ ಕೂಗಿದ. ಅವಳು ಬೆಂಚಿನ ವೈಸಿನಲ್ಲಿ ಬಿಗಿದು ಹಿಡಿದ ಕಬ್ಬಿಣದ ತುಂಡಿಗೆ ಅರ ಉಜ್ಜುತ್ತಿದ್ದಳು. "ಆಯ್ತು," ಎಂದಳು, ಕೊಡುತ್ತೇನೆ ಎಂದು. ಅವನು ಕೊಟ್ಟಿದ್ದಾಳೆ ಎಂದು ಕೇಳಿಸಿಕೊಂಡು ಕೆಳಗೆ ನುಗ್ಗಿದ. ಅವಳು ಅರ ಕೆಳಗಿಟ್ಟು, ಸ್ಟ್ಯಾಂಡ್ ಎತ್ತಿಕೊಂಡು ತಿರುಗುವಷ್ಟರಲ್ಲಿ ಜಾಕಿ ಜಾರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತು ಹೋದರೆ ಬರೀ ಮುತ್ತು ಹೋಗುತ್ತದೆ.

ಹೆಣ ಎತ್ತಿದ ದಿನವೇ ಮೇಸ್ತ್ರಿ ಮಗಳಿಗೆ ಹೇಳಿದ: "ನನ್ನ ಕಣ್ಣಿಗೆ ಬೀಳಬೇಡ." ಅವಳು ಶೆಡ್ಡಿನ ಹಳೆಯ ಜೀಪು ಹತ್ತಿ ಹೋದವಳು ದೂರದ ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ನಿಂತಳು.

ಬಡಗಿ ಹೋದ ಮರುದಿನ ಮೇಸ್ತ್ರಿ ಬೆಂಚಿಗೆ ವೈಸ್ ಕೂರಿಸುತ್ತಿದ್ದ. ತಾಯಿ ಬೋಲ್ಟುಗಳನ್ನು ಒಂದೊಂದಾಗಿ ಕೊಡುತ್ತಾ ನಿಂತಿದ್ದಳು. ಕೊಟ್ಟೂ ಕೊಟ್ಟೂ ಅವಳಿಗೆ ಏನೋ ತಿರುಗುಮುರುಗಾಗಿ ಕಂಡಿತು. ಮೂವತ್ತು ವರ್ಷ ಶೆಡ್ಡಿನ ಬೆಂಚು ಒರೆಸಿದವಳು ಅವಳು. ಅಲ್ಲಿ ವೈಸು ಎಡತುದಿಗಿತ್ತು, ಇಲ್ಲಿ ಬಲತುದಿಗೆ. ಸುತ್ತಿಗೆ, ಪಾನಾ ತೂಗುಹಾಕುವ ಗೂಟಗಳೆಲ್ಲ ಎಡಗೈಗೆ ಸಿಗುವ ಹಾಗೆ. ದೀಪದ ಸ್ವಿಚ್ಚು ಕೂಡ. ಗಂಡ ಬಲಗೈಯವನು. ಮನೆಯಲ್ಲಿ ಎಡಗೈಯವಳು ಒಬ್ಬಳೇ ಇದ್ದಳು. ಚಿಕ್ಕಂದಿನಿಂದ 'ಎಡಚಿ' ಎಂದೇ ಎಲ್ಲರೂ ಕೂಗುತ್ತಿದ್ದುದು. ಅಪ್ಪನ ಬೆಂಚಿನಲ್ಲಿ ಮೊಣಕೈ ಗೋಡೆಗೆ ತಾಗಿಸಿಕೊಂಡೇ ಕೆಲಸ ಕಲಿತವಳು.

"ಇದು ಎಡಚಿಗೆ," ಎಂದಳು ತಾಯಿ.

ಮೇಸ್ತ್ರಿ ನಟ್ಟು ಬಿಗಿಯುತ್ತಲೇ ಇದ್ದ.

"ಕರೆಸ್ತೀರಾ? ರೀ, ಹೇಳ್ರೀ, ಕರೆಸ್ತೀರಾ?"

"ಕರೆಸೋದಾಗಿದ್ರೆ ಗಾಲಿ ಇರೋದು ಯಾಕೆ ಬೇಕಿತ್ತು? ಇಲ್ಲಿ ಶೆಡ್ ಇಲ್ವಾ?" ಅವನು ಪಾನಾ ಕೆಳಗಿಟ್ಟ. "ಅವಳ ಹತ್ರ ಜೀಪಿದೆ. ಕಟ್ಟಿಕೊಂಡು ಎಲ್ಲಿ ಬೇಕಾದ್ರೂ ದುಡೀಲಿ. ಯಾರ ಬಾಗಿಲಲ್ಲೂ ಕೆಲಸ ಕೇಳೋದು ಬೇಡ. ನಮ್ಮ ಬಾಗಿಲಿಗೂ ಬರೋದು ಬೇಡ."

"ಹೆತ್ತ ಮಗಳಿಗೆ ತಗಡಿನ ಡಬ್ಬಿ ಕಳಿಸಿ ಕೈ ತೊಳ್ಕೋತೀರಾ?"

"ಸೊಸೇನ ಎಲ್ಲಿಗೆ ಕಳಿಸ್ಲಿ ಹಾಗಾದ್ರೆ? ನೀನೇ ಹೇಳು."

ಸೊಸೆಗೆ, ಸತ್ತ ಮಗನ ಹೆಂಡತಿಗೆ, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾ, ಅತ್ತೆಯ ಮಗ್ಗುಲಲ್ಲಿ ಮಲಗುತ್ತಾ ಇದ್ದಳು. ಆಕೆ ಗಂಡನ ಅಕ್ಕನ ಬಗ್ಗೆ ಒಂದೇ ಸಲ, ದನಿ ಏರಿಸದೆ ಹೇಳಿದ್ದಳು: ಅವರು ಹೊಸಿಲು ದಾಟಿ ಒಳಗೆ ಬಂದ ದಿನ ನಾನು ಹೊರಗೆ.

ರಜೆಯ ದಿನ ಸೊಸೆ ಟೀ ತಂದುಕೊಡಲು ಬಂದವಳು ಮೊದಲ ಬಾರಿಗೆ ಟ್ರೈಲರಿನೊಳಗೆ ಹತ್ತಿದಳು. ಮೇಸ್ತ್ರಿ ಡ್ರಾಯರುಗಳಿಗೆ ಚಿಲಕ ಹಾಕುತ್ತಿದ್ದ. ಗಾಡಿ ಓಡುವಾಗ ಅವು ತಾವೇ ತೆರೆದುಕೊಳ್ಳಬಾರದು. ಸೊಸೆ ಲೋಟ ಹಿಡಿದುಕೊಂಡೇ ಒಂದೊಂದಾಗಿ ನೋಡಿದಳು. ಬೆಂಚು, ಗೂಟಗಳು, ಡಬ್ಬಿಗಳಲ್ಲಿ ವಿಂಗಡಿಸಿದ ನಟ್ಟು ಬೋಲ್ಟು. ಮೂಲೆಗೆ ಬಂದಾಗ ನಿಂತಳು. ಅಲ್ಲಿ ಜಾಕಿಯನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಸ್ಟ್ಯಾಂಡ್ ಇಟ್ಟು, ಎರಡಕ್ಕೂ ಸೇರಿಸಿ ಒಂದು ಕಬ್ಬಿಣದ ಪಟ್ಟಿ ಅಡ್ಡ ಹಾಕಿತ್ತು.

"ಇದೇನು ಮಾವ?"

"ಸ್ಟ್ಯಾಂಡ್ ಮೊದಲು ಈಚೆ ಬರಬೇಕು. ಅದನ್ನ ತೆಗೀದೆ ಜಾಕಿ ಬರೋದಿಲ್ಲ."

ಸೊಸೆ ಲೋಟವನ್ನು ಬೆಂಚಿನ ಮೇಲಿಟ್ಟು, ಜಾಕಿಯನ್ನು ಹಿಡಿದು ಎಳೆದು ನೋಡಿದಳು. ಬರಲಿಲ್ಲ. ಇನ್ನೊಮ್ಮೆ, ಕಾಲು ಕೊಟ್ಟು ಎಳೆದಳು. ಪಟ್ಟಿ ಕಿರುಗುಟ್ಟಿತು ಅಷ್ಟೇ.

"ಇಷ್ಟು ಸುಲಭ ಇತ್ತಾ?" ಎಂದಳು. "ಒಂದು ಪಟ್ಟಿ. ಇದನ್ನ ಶೆಡ್ಡಲ್ಲೇ ಮಾಡಬಹುದಿತ್ತಲ್ಲ ಮಾವ."

ಮೇಸ್ತ್ರಿಯ ಕೈಯಲ್ಲಿದ್ದ ಚಿಲಕ ಕೈಯಲ್ಲೇ ಉಳಿಯಿತು. ಬಾಗಿಲಲ್ಲಿದ್ದ ತಾಯಿಗೆ ಗಂಡನನ್ನು ನೋಡಲಾಗಲಿಲ್ಲ. ಅವಳು ಸೊಸೆಯ ಕಾಲನ್ನು ನೋಡುತ್ತಾ ನಿಂತಳು. ಹವಾಯಿ ಚಪ್ಪಲಿಯ ಕಿತ್ತುಹೋದ ಪಟ್ಟಿಗೆ ಹೊಲಿಗೆ ಹಾಕಿಕೊಂಡಿದ್ದಳು.

"ಅವರು ಈ ಮನೆಗೆ ಬರೋದು ಬೇಡ," ಎಂದಳು ಸೊಸೆ. "ನನ್ನಿಂದ ಆಗಲ್ಲ. ನನ್ನನ್ನ ಕೆಟ್ಟವಳು ಅಂದ್ಕೊಳ್ಳಿ. ಆದ್ರೆ ಬರಬೇಡ ಅಂತಾದ್ರೂ ಬರೀರಿ. ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗದೆ ಒಬ್ಬರು ಹೋಗಿದ್ದು ಸಾಲದಾ?"

ಟೀ ಮೇಲೆ ಕೆನೆ ಕಟ್ಟಿತು. ಯಾರೂ ಕುಡಿಯಲಿಲ್ಲ.

ಮೇಸ್ತ್ರಿ ಆ ಮಧ್ಯಾಹ್ನವೇ ಹಾಳೆ ತೆಗೆದುಕೊಂಡು ಹೊಸ ಬೆಂಚಿನ ಮೇಲೆ ಬರೆದ. ಟ್ರೈಲರ್ ಕಳಿಸುತ್ತಿದ್ದೇನೆ. ಎಲ್ಲ ನಿನ್ನ ಕೈಗೆ ಸಿಗುವ ಹಾಗೆ ಇದೆ. ನೀನು ಇಲ್ಲಿಗೆ ಬರಬೇಡ. ಬರೆದು ಹೆಂಡತಿಯ ಕೈಗೆ ಕೊಟ್ಟು, "ಏನಾದ್ರೂ ಸೇರಿಸೋದಿದ್ರೆ ಸೇರಿಸು," ಎಂದ.

ತಾಯಿ ಪೆನ್ನು ಹಿಡಿದು ಕೂತಳು. ಬೈದು ಬರೆಯೋಣ ಅನ್ನಿಸಿತು. ಯಾರನ್ನು ಎಂದು ತಿಳಿಯಲಿಲ್ಲ. ಆಮೇಲೆ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ನಾನು ಬರುತ್ತೇನೆ. ಟ್ರೈಲರಿನ ಜೊತೆಗೇ ಬರುತ್ತೇನೆ.

ಮೇಸ್ತ್ರಿ ಓದಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದ.

"ನೀನು ಹೋಗಿ ಅಲ್ಲಿ ಏನು ಮಾಡ್ತೀಯೇ? ಪಾನಾ ತಿರುಗಿಸ್ತೀಯಾ?"

"ಅವಳು ಗಾಡಿ ಕೆಳಗೆ ಹೋಗ್ತಾಳಲ್ಲ. ಹೊರಗಡೆ ನಿಂತು ಕೇಳಿದ್ದಕ್ಕೆ ಉತ್ತರ ಕೊಡೋಕೆ ಒಬ್ಬರು ಬೇಕಲ್ಲ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ ಕಣ್ರೀ."

"ನನ್ನನ್ನ ಯಾರು ನೋಡ್ಕೋತಾರೆ?"

"ಸೊಸೆ ಇದ್ದಾಳೆ. ಅವಳನ್ನ ನೀವು ನೋಡ್ಕೊಳ್ಳಿ. ಟೀ ಮಾಡೋದು ಕಲ್ತ್ಕೊಳ್ಳಿ. ಎಂಜಿನ್ ಬಿಚ್ಚೋಷ್ಟು ಕಷ್ಟ ಇಲ್ಲ."

ಅವನು ನಗಲಿಲ್ಲ. ಹೊರಗೆ ಹೋಗಿ ಟ್ರೈಲರಿನ ಚಕ್ರಕ್ಕೆ ಒರಗಿ ಕೂತ. ಸಂಜೆಯಾದರೂ ಏಳಲಿಲ್ಲ. ಸೊಸೆ ಊಟಕ್ಕೆ ಕರೆದಾಗ, ಹಸಿವಿಲ್ಲ ಎಂದ.

ಬೆಳಿಗ್ಗೆ ತಾಯಿ ಪಾತ್ರೆ ಒರೆಸುತ್ತಿದ್ದಾಗ ಅವನು ಕೈಯಲ್ಲೊಂದು ಕಡ್ಡಿ ಹಿಡಿದು ಬಂದು, "ಇಲ್ಲಿ ನಿಲ್ಲು. ಕಾಲು ನೆಟ್ಟಗಿಡು," ಎಂದ. ಕಷ್ಟಪಟ್ಟು ಬಗ್ಗಿ, ಅವಳ ಹಿಮ್ಮಡಿಯಿಂದ ಮಂಡಿಯ ಸಂದಿನವರೆಗೆ ಕಡ್ಡಿಯಲ್ಲಿ ಅಳೆದು, ಉಗುರಿನಲ್ಲಿ ಗುರುತು ಮಾಡಿಕೊಂಡು ಹೋದ. ಟ್ರೈಲರಿನ ಬಾಗಿಲ ಪಕ್ಕ ಮಡಿಸಿ ಎತ್ತಿಡುವಂಥ ಒಂದು ಕೂರುಹಲಗೆ ಬಂತು. ಅಂಚುಗಳನ್ನು ಉಜ್ಜಿ ನಯಮಾಡಿದ್ದ. ಅಲ್ಲಿ ಕೂತರೆ ತಲೆ ಬಾಗಿಸದೆ ಹೊರಗಿನ ನೆಲ ಕಾಣುತ್ತಿತ್ತು. ಕೂತು ನೋಡು ಎಂದು ಅವನು ಹೇಳಲಿಲ್ಲ. ತಾಯಿ ತಾನಾಗಿ ಕೂತು, ಎದ್ದು, ಒಳಗೆ ಹೋದಳು.

ಪತ್ರ ಮಾತ್ರ ಮತ್ತೆ ಮನೆಯಲ್ಲೇ ಉಳಿಯಿತು. ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ವಿಳಾಸ ಬರೆದಾಗಿತ್ತು. ಮೇಸ್ತ್ರಿ ಹಾಕುತ್ತಾನೆ ಎಂದು ತಾಯಿ, ತಾಯಿ ಹಾಕುತ್ತಾಳೆ ಎಂದು ಮೇಸ್ತ್ರಿ. ಮೀನಿನವನ ವ್ಯಾನು ಟ್ರೈಲರನ್ನು ಎಳೆದುಕೊಂಡು ಹೋಗಲು ಬರುವ ವಾರ ಹತ್ತಿರವಾಗಿತ್ತು. ಕಾರ್ಖಾನೆಗೆ ಹೊರಟ ಸೊಸೆ ಚೀಲ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚಿದಳು.

"ಕೊಡಿ ಅತ್ತೆ. ಬಸ್ ಸ್ಟಾಪ್ ಹತ್ರ ಪೋಸ್ಟ್ ಡಬ್ಬಿ ಇದೆಯಲ್ಲ."

ತಾಯಿ ಅವಳ ಮುಖ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಲಕೋಟೆ ತಂದು ಕೊಟ್ಟಳು. ಕೊಟ್ಟ ಮೇಲೆ ಮನಸ್ಸು ತಡೆಯದೆ ಬೀದಿಯ ತಿರುವಿನವರೆಗೂ ಹಿಂದೆಯೇ ಹೋಗಿ, ಕಂಬದ ಮರೆಯಲ್ಲಿ ನಿಂತಳು.

ಸೊಸೆ ಅಂಚೆಡಬ್ಬಿಯ ಮುಂದೆ ನಿಂತಿದ್ದಳು. ಲಕೋಟೆಯನ್ನು ತಿರುಗಿಸಿ ವಿಳಾಸ ಓದಿದಳು. ಆ ಹೆಸರನ್ನು ಅಷ್ಟು ದಿನದ ಮೇಲೆ ಓದುತ್ತಿದ್ದಳೋ ಏನೋ, ತುಟಿ ಅಲುಗಿದ ಹಾಗಿತ್ತು. ಬಸ್ಸು ಬಂದು ನಿಂತಿತು, ಜನ ಹತ್ತಿದರು. ಅವಳು ಅಲುಗಲಿಲ್ಲ. ಬಸ್ಸು ಹೋಯಿತು. ಆಮೇಲೆ ಲಕೋಟೆಯನ್ನು ಡಬ್ಬಿಯ ಬಾಯಿಗೆ ಇಟ್ಟು ತಳ್ಳಿದಳು. ಎಲ್ಲಾದರೂ ಅಡ್ಡಕ್ಕೆ ಸಿಕ್ಕಿಕೊಂಡಿತೇ ಎಂದು ಬೆರಳುಗಳನ್ನು ಒಳಗೆ ಹಾಕಿ, ತಡವಿ ನೋಡಿ, ಏನೂ ಸಿಗದೆ ಬರಿಗೈಯನ್ನು ಈಚೆಗೆ ತೆಗೆದಳು.