ಮೂರನೇ ಮಗ್ಗದ ಗೆರೆ

ಮೊಳಕಾಲ್ಮೂರಿನ ಆ ಮನೆಯಲ್ಲಿ, ನೆಲದ ಗುಣಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮೂರು ಗುಣಿಮಗ್ಗಗಳಿದ್ದವು. ಯಾವ ಮಗ್ಗದ ಸೀರೆ ಹೊತ್ತುಹೊತ್ತಿಗೆ ಎಷ್ಟು ಉದ್ದ ಬಂತೆಂದು ಗೆರೆಯಲ್ಲಿ ತೋರಿಸುವ ಪುಟವೊಂದನ್ನು ತೇಜಶ್ರೀ ಲ್ಯಾಪ್‌ಟಾಪಿನಲ್ಲಿ ಕಟ್ಟುತ್ತಿದ್ದಳು. ಅದಕ್ಕೆ ಪುಟ್ಟ ಕೋಡ್ ಲೈಬ್ರರಿಯೊಂದನ್ನು ಬಳಸಿದ್ದಳು. ಅಂಕಿ ಕೊಟ್ಟರೆ ಸಾಕು, ತಾನೇ ಗೆರೆ ಎಳೆಯುತ್ತಿತ್ತು. ಮೂರನೇ ಮಗ್ಗಕ್ಕೆ ಮಾತ್ರ ಅಂಕಿಯೇ ಇರಲಿಲ್ಲ. ಅಜ್ಜಿ ಯರ್ರಮ್ಮ ತೀರಿಕೊಂಡಾಗ ಅವಳ ಸೀರೆಗೆ ಸೆರಗಷ್ಟೇ ಬಾಕಿಯಿತ್ತು. ಸತ್ತವರ ಸೀರೆ ಮುಗಿಸಿದವರು ಬದುಕಿರುವ ತನಕ ಅದೇ ಗುಣಿಯಲ್ಲಿ ಕೂತು ನೇಯಬೇಕೆಂಬುದು ಆ ಮನೆತನದ ಕಟ್ಟಳೆ. ಹಾಗಾಗಿ ಆ ಮಗ್ಗಕ್ಕೆ ಬಟ್ಟೆ ಹೊದಿಸಿ ಬಿಟ್ಟಿದ್ದರು; ಯಾರೂ ಮುಟ್ಟಿರಲಿಲ್ಲ.

ಬೋಳು ಚಿತ್ರವನ್ನು ಯಾರು ನೋಡಿಯಾರೆಂದು ತೇಜಶ್ರೀ ಮೂರನೇ ಮಗ್ಗಕ್ಕೂ ತೋಚಿದ ಅಂಕಿಗಳನ್ನು ತುಂಬಿದಳು. ಗೆರೆ ಏರಿತು, ನಡುವೆ ತುಸು ಸಮನಾಗಿ ನಿಂತಿತು, ಮತ್ತೆ ಏರಿ ಪೂರ್ತಿ ಸೀರೆಯ ಅಳತೆ ಮುಟ್ಟಿತು.

ಅವಳ ಅವ್ವ ನಾಗರತ್ನ ಇಣುಕಿದಳು. "ಇಲ್ಲಿ ಯಾಕೆ ನಿಂತೈತೆ?"

"ಸುಮ್ನೆ ಹಾಕ್ದೆ ಅವ್ವ."

"ಅದು ನಿಮ್ಮಜ್ಜಿ ಎಲೆಅಡಿಕೆಗೆ ಏಳೋ ಹೊತ್ತು ಕಣೇ."

ಇಬ್ಬರೂ ಮೂರನೇ ಮಗ್ಗದ ಕಡೆ ತಿರುಗಿದರು. ಹೊದಿಕೆ ಸರಿಸಿದರೆ ಸೀರೆ ಸೆರಗಿನ ಸಮೇತ ಮುಗಿದಿತ್ತು. ರೇಷ್ಮೆ ಇನ್ನೂ ಬೆಚ್ಚಗಿತ್ತು.

ತೇಜಶ್ರೀ ಓಡಿಬಂದು ಅಂಕಿಗಳನ್ನೆಲ್ಲ ಸೊನ್ನೆ ಮಾಡಿದಳು. ಪರದೆಯ ಮೇಲೆ ಗೆರೆ ಮಲಗಿತು. ಸೀರೆ ಹಾಗೆಯೇ ಇತ್ತು.

"ಇದನ್ನ ಯಾರು ಮುಗಿಸಿದ್ದವ್ವ?"

ನಾಗರತ್ನ ಮೂರನೇ ಮಗ್ಗದ ಬಳಿ ಹೋದಳು. ಗುಣಿಯ ಧೂಳು ಒರೆಸಿದಳು, ಕೂರುವ ಹಲಗೆಯ ಮೇಲೆ ಚಾಪೆ ಹಾಸಿದಳು.

"ಬಾ, ಕೂತ್ಕೋ," ಅಂದಳು ಮಗಳಿಗೆ.