ಹದಿನೈದು ದಿನ ಕಾಯಲಿ ಎಂದೆ

ಬಳ್ಳಾರಿಯ ಒಂದು ಸಣ್ಣ ಪತ್ರಿಕೆಯಲ್ಲಿ ಹನ್ನೊಂದು ವರ್ಷದಿಂದ ಪ್ರತಿ ಬುಧವಾರ ನಾನು ವಿದೇಶಾಂಗ ವ್ಯವಹಾರದ ಅಂಕಣ ಬರೆಯುತ್ತೇನೆ. ಪಾಸ್‌ಪೋರ್ಟ್ ಮಾಡಿಸಿದವನಲ್ಲ. ಸಿರುಗುಪ್ಪದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಸಿದ್ದಲಿಂಗೇಶ್ ಮೇಷ್ಟ್ರು, ಅಷ್ಟೇ. ಆದರೂ ಬ್ರೂಸ್‌ಪೇಟೆಗೆ ಹೋದರೆ ಅಂಗಡಿಯವರು, “ಸರ್, ಯುದ್ಧ ಯಾವಾಗ ಮುಗೀತೈತ್ರಿ?” ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದು ನಾನು ಒಮ್ಮೆಯೂ ಹೇಳಿದವನಲ್ಲ. ಕೇಳುವವರು ಸಿಕ್ಕರೆ ನನಗೆ ಬಾಯಿ ನಿಲ್ಲುವುದಿಲ್ಲ. ಈ ಚಪಲಕ್ಕೆ ಬೆಲೆ ತೆತ್ತವರು ಬೇರೆಯವರು.

ರಷ್ಯಾ ಮತ್ತು ಉಕ್ರೇನಿನ ಯುದ್ಧ ನಡೆದಿರುವಾಗಲೇ ದೊಡ್ಡ ದೇಶಗಳೆರಡು ಮೂರನೆಯ ದೇಶವೊಂದರ ಹೋಟೆಲಿನಲ್ಲಿ ಮಾತುಕತೆಗೆ ಕೂತವು. ಯಾವ ಸೀಮೆ ಯಾರ ಪ್ರಭಾವಕ್ಕೆ ಸೇರಬೇಕು ಎಂಬುದೇ ಮಾತು. ಅದನ್ನು ನಮ್ಮ ಓದುಗರಿಗೆ ಮುಟ್ಟಿಸಲು ನಾನು ಕಾಲುವೆಯ ಹೋಲಿಕೆ ಕೊಟ್ಟೆ. ತುಂಗಭದ್ರಾ ಕಾಲುವೆಯ ಮೇಲಿನ ರೈತರಿಗೂ ಕೊನೆಯ ರೈತರಿಗೂ ನೀರಿನ ಜಗಳ ಹತ್ತಿದಾಗ ಎರಡೂ ಕಡೆಯ ದೊಡ್ಡ ಮನುಷ್ಯರು ಬಳ್ಳಾರಿಯಲ್ಲಿ ಕೂತು ಇಂತಿಷ್ಟು ದಿನ ನಿಮಗೆ, ಇಂತಿಷ್ಟು ದಿನ ನಮಗೆ ಎಂದು ಪಾಳಿ ಗೊತ್ತು ಮಾಡುತ್ತಾರೆ. ಪಾಳಿ ಗೊತ್ತಾದರೆ ಜಗಳ ತಣ್ಣಗಾಗುತ್ತದೆ. ಈ ಯುದ್ಧವೂ ಹಾಗೆಯೇ, ಹದಿನೈದು ದಿನದಲ್ಲಿ ಬಂದೂಕು ಕೆಳಗಿಳಿಯುತ್ತವೆ ಎಂದು ಬರೆದೆ. ಹಂಚಿಕೆಯಾಗುತ್ತಿರುವ ಸೀಮೆಯ ಜನರನ್ನು ಯಾರೂ ಕೇಳಲಿಲ್ಲವಲ್ಲ ಎಂದು ಕೊನೆಗೊಂದು ಸಾಲು ಮರುಕವನ್ನೂ ಸೇರಿಸಿದೆ. ಬರಹ ಚೆನ್ನಾಗಿ ಬಂದಿತ್ತು. ನಾನೇ ಎರಡು ಸಲ ಓದಿಕೊಂಡೆ.

ಮರುದಿನ ತಬಸ್ಸುಮ್ ಫೋನ್ ಮಾಡಿದಳು. ಕುರುಗೋಡಿನ ಹುಡುಗಿ, ಸಿರುಗುಪ್ಪದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ, ಮದುವೆಯಾಗಿ ಸಿರುಗುಪ್ಪಕ್ಕೇ ಸೊಸೆಯಾಗಿ ಹೋದವಳು. ಅವಳ ಗಂಡ ಕೈಸರ್ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದ. ಅಡುಗೆಮನೆಯ ಕೆಲಸವೆಂದು ಯಾವನೋ ದಲ್ಲಾಳಿ ಅವನನ್ನು ರಷ್ಯಾಕ್ಕೆ ಕಳಿಸಿದ್ದ. ಅಲ್ಲಿ ಓದಲು ಬಾರದ ಕಾಗದಕ್ಕೆ ರುಜು ಹಾಕಿಸಿಕೊಂಡು, ಸಮವಸ್ತ್ರ ತೊಡಿಸಿ, ಯುದ್ಧಕ್ಕೆ ನೂಕಿದ್ದರು. ಈಗ ತೊಡೆಗೆ ಗಾಯವಾಗಿ ಆಸ್ಪತ್ರೆಯಲ್ಲಿದ್ದ.

“ಪಕ್ಕದ ಮಂಚದವನ ಅಣ್ಣ ಕಾರಿನ್ಯಾಗ ನಮ್ಮ ರಾಯಭಾರ ಕಚೇರಿಗಿ ಮುಟ್ಟಸ್ತೀನಿ ಅಂದಾನಂತ್ರಿ ಸರ್. ದಾರ್ಯಾಗ ಸಿಕ್ಕರ ಜೈಲು. ಓಡಿ ಬರ್ಲೋ ಕಾಯ್ಲೋ ಅಂತ ಇವ್ರು ನನ್ನ ಕೇಳಾಕತ್ಯಾರ. ನಾಳಿ ಮುಂಜಾನಿ ಒಳಗ ಹೇಳಬೇಕ್ರಿ. ನಿಮ್ಮದು ಓದಿದೆ. ಹದಿನೈದು ದಿನ ಅನ್ನೋದು ಖರೇ ಏನ್ರಿ?”

ಖರೇ ಹೌದೋ ಅಲ್ಲವೋ ನನಗೇನು ಗೊತ್ತು? ಆದರೆ ಅಚ್ಚಾದ ಮಾತನ್ನು ಅವಳೆದುರು ಸಡಿಲ ಮಾಡಲು ಮನಸ್ಸಾಗಲಿಲ್ಲ.

“ಕಾಯಾಕ ಹೇಳವ್ವ,” ಎಂದೆ. “ಹದಿನೈದು ದಿನದ ಮಾತು. ಸುಮ್ನ ಯಾಕ ಜೀವ ಪಣಕ್ಕ ಇಡಬೇಕು?”

ಹನ್ನೆರಡನೆಯ ದಿನ ಕೈಸರ್‌ನನ್ನು ಆಸ್ಪತ್ರೆಯಿಂದ ಎಬ್ಬಿಸಿ ಮತ್ತೆ ಮುಂಚೂಣಿಗೆ ಕಳಿಸಿದರು. ಹೋಗುವಾಗ ಒಂದು ಫೋನ್ ಮಾಡಿದನಂತೆ. ಆಮೇಲೆ ಎರಡು ತಿಂಗಳಾದರೂ ಸುದ್ದಿಯಿಲ್ಲ. ಹೋಟೆಲಿನ ಮಾತುಕತೆ ಮಾತ್ರ ನಡೆದೇ ಇತ್ತು.

ನನಗೆ ಊಟ ಸೇರದಾಯಿತು. ಹಲಕುಂದಿಯ ಮಠಕ್ಕೆ ಹೋಗಿ ಅರ್ಧ ದಿನ ಕೂತು ಬಂದೆ, ಏನೂ ಕಡಿಮೆಯಾಗಲಿಲ್ಲ. ಆ ಹುಡುಗನನ್ನು ಕಾಯಿಸಿದವನು ನಾನು ಎಂದು ಅವನ ತಂದೆ ತಾಯಿಯ ಎದುರು ಒಪ್ಪಿಕೊಳ್ಳದೆ ಬದುಕಲಾರೆ ಎನಿಸಿತು. ಒಂದು ಭಾನುವಾರ ಬೆಳಿಗ್ಗೆ ಕಾರು ತೆಗೆದು ಸಿರುಗುಪ್ಪಕ್ಕೆ ಹೊರಟೆ. ಬರುತ್ತೇನೆಂದು ತಬಸ್ಸುಮ್‌ಗೂ ತಿಳಿಸಲಿಲ್ಲ.

ಕೈಸರ್‌ನ ತಂದೆ ಕರೀಮಸಾಬ್ ಕಾಲುವೆಯ ಲಸ್ಕರ್ ಆಗಿದ್ದವರು. ರಾರಾವಿ ಕಡೆಯ ಉಪಕಾಲುವೆಯ ತೂಬುಗಳನ್ನು ಮೂವತ್ತು ವರ್ಷ ತೆಗೆದು ಮುಚ್ಚಿದ ಕೈ. ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ಅವರ ಹೆಂಡತಿ ಮಾಬುಬೀ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ತಬಸ್ಸುಮ್ ನೀರು ತಂದುಕೊಟ್ಟಳು. ಕೊಡುವಾಗ ನನ್ನನ್ನೇ ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದಳು. ನನ್ನ ಮೇಲಿನ ಗೌರವಕ್ಕೆ ತಡೆಯುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

“ಕರೀಮಸಾಬ್ರ, ನಿಮ್ಮ ಮಗ ಆಸ್ಪತ್ರಿಯಿಂದ ಓಡಿ ಬರೋದು ಬ್ಯಾಡ, ಕಾಯಲಿ ಅಂತ ಹೇಳಿದಾವ ನಾನು. ತಪ್ಪು ನಂದು. ಅದನ್ನ ಹೇಳಾಕ ಬಂದೆ.”

ಮುದುಕರಿಗೆ ಮೊದಲು ಅರ್ಥವಾಗಲಿಲ್ಲ. “ಕಾಲು ಆಗವಲ್ದು, ಕಾರಿನ ತನಕ ನಡ್ಯಾಕ ಬರಂಗಿಲ್ಲ, ಅದಕ ಉಳಿದೆ ಅಂತ ಅಂದಿದ್ನಲ್ರಿ ಅವ,” ಎಂದರು. ಆಮೇಲೆ ಸೊಸೆಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

“ನೀವು ಕಾಲುವಿ ಮ್ಯಾಲ ಬರದಿದ್ದನ್ನ ಈಕಿ ಓದಿ ಹೇಳಿದ್ಲ್ರಿ,” ಎಂದು ಕರೀಮಸಾಬ್ ನಿಧಾನವಾಗಿ ಹೇಳತೊಡಗಿದರು. “ಪಾಳಿ ಗೊತ್ತಾದ ಮ್ಯಾಲ ಜಗಳ ಇಲ್ಲ, ಅದು ಖರೇ. ಆದ್ರ ದೊಡ್ಡೋರು ಮಾತಿಗಿ ಕುಂತಾರ ಅಂತ ಗೊತ್ತಾದ ಕೂಡ್ಲೆ ಎರಡೂ ಕಡಿಯೋರು ತೂಬು ಎತ್ತತಾರ್ರಿ. ಗೆರಿ ಬೀಳೋದ್ರಾಗ ಸಿಕ್ಕಷ್ಟು ತಮ್ಮದು ಮಾಡ್ಕೊಳ್ಳಾಕ. ಆಗ ತೂಬಿನ ಮುಂದ ನಿಂತಾವನ ಗತಿ ನೋಡ್ರಿ ಇಲ್ಲಿ.” ಟೋಪಿ ತೆಗೆದು ನೆತ್ತಿಯ ಮೇಲಿನ ಉದ್ದ ಗಾಯದ ಗುರುತು ತೋರಿಸಿದರು. “ಅದಕ ನಾ ಮಗನಿಗಿ ಅಂದಿದ್ದೆ, ಜೈಲಾದ್ರ ಆಗ್ಲಿ, ಈಗ್ಲೇ ಓಡಿ ಬಾ ಅಂತ.”

ನಾಲ್ಕು ಪುಸ್ತಕ ಓದಿದ ನನಗೆ ಕಾಲುವೆಯ ಅರ್ಧ ಮಾತ್ರ ಗೊತ್ತಿತ್ತು. ಕಟ್ಟೆಯ ಮೇಲೆ ಕೂತ ಈ ಮುದುಕರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮಾಬುಬೀ ಮೊರ ಪಕ್ಕಕ್ಕಿಟ್ಟರು.

“ತಬಸ್ಸುಮ್, ನಿಮ್ಮ ಮಾವ ಬಾ ಅಂದ ಮ್ಯಾಲ ನೀ ಇವರನ್ನ ಕೇಳಿದ್ಯಾ?”

“ಹೂಂ, ಅತ್ತಿ.”

“ಕಾಲು ಆಗವಲ್ದು ಅಂದಿದ್ದು?”

“ನಿಮ್ಮ ಮಗಾನೂ ನಾನೂ ಕೂಡಿ ಹೇಳಿದ ಸುಳ್ಳು. ಮಾವನ ಮಾತು ಮೀರಿದ್ವಿ ಅಂತ ಗೊತ್ತಾಗಬಾರ್ದು ಅಂತ.”

ಮಾಬುಬೀ ದನಿ ಏರಿಸಲೇ ಇಲ್ಲ. “ನಿನ್ನ ಬಟ್ಟಿ ತಗೊ. ತವರಿಗಿ ಹೋಗು,” ಎಂದರು. ಆಮೇಲೆ, “ಫೋನು ಇಲ್ಲೇ ಇಟ್ಟು ಹೋಗು. ಅವ ಮಾಡಿದ್ರ ಆ ನಂಬರಿಗೇ ಮಾಡ್ತಾನ,” ಎಂದರು.

ನಾನು ಎದ್ದು ನಿಂತೆ. “ಅವ್ವಾ, ಆಕೀದು ತಪ್ಪಿಲ್ಲ. ನಂದು. ನನ್ನ ಬೈರಿ.”

“ನೀವು ಹೊರಗಿನೋರ್ರಿ. ನಿಮಗೇನ್ ಅನ್ನಬೇಕ್ರಿ ನಾವು?”

ಕರೀಮಸಾಬ್ ಟೋಪಿಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಹೆಂಡತಿಯನ್ನು ತಡೆಯಲಿಲ್ಲ. ತಬಸ್ಸುಮ್ ಒಂದು ಚೀಲದೊಂದಿಗೆ ಹೊರಗೆ ಬಂದು, ಫೋನನ್ನು ಅತ್ತೆಯ ಮುಂದಿಟ್ಟು, ಚಾರ್ಜರನ್ನೂ ಸುತ್ತಿ ಅದರ ಪಕ್ಕದಲ್ಲಿಟ್ಟಳು. “ಸರ್, ಹೆಂಗೂ ಆ ಕಡಿ ಹೊಂಟೀರಿ. ಆಕೀನ ಕುರುಗೋಡಿನ್ಯಾಗ ಬಿಟ್ಟು ಹೋಗ್ರಿ,” ಎಂದರು ಕರೀಮಸಾಬ್. ನನ್ನ ಮುಖ ನೋಡದೆಯೇ ಹೇಳಿದರು.

ದಾರಿಯಲ್ಲಿ ಅವಳು ಅಳಲಿಲ್ಲ. ಗದ್ದೆಗಳು ಕಳೆದು, ಮೆಣಸಿನಕಾಯಿ ಹೊಲಗಳು ಶುರುವಾದವು. ಆಗ ತಾನಾಗಿಯೇ ಮಾತಾಡಿದಳು.

“ದಿನಾ ನಮಾಜ್ ಆದ ಮ್ಯಾಲ ಅತ್ತಿ, ನಾನು ಫೋನು ನಡುವ ಇಟ್ಕೊಂಡು ಕುಂದರ್ತಿದ್ವಿ ಸರ್. ಯಾರಿಗೂ ಮಾತು ಬ್ಯಾಡಾಗಿತ್ತು. ಅದೊಂದು ಇತ್ತು ನನಗ. ಇನ್ನ ಅವರ ಫೋನ್ ಬಂದ್ರೂ ನನಗ ಗೊತ್ತಾಗಂಗಿಲ್ಲ.”

ಅವಳು ಎರಡು ತಿಂಗಳಿಂದ ಆ ಮನೆಯಲ್ಲಿ ಸುಳ್ಳನ್ನು ಹೊತ್ತು, ಅತ್ತೆಗೆ ಆಸರೆಯಾಗಿ ಬದುಕಿದ್ದಳು. ಅವಳ ಒಪ್ಪಿಗೆ ಕೇಳದೆ ಅವಳ ಮನೆಯೊಳಗೆ ಹೋಗಿ, ಅವಳ ಬದುಕಿನ ತೀರ್ಮಾನ ಮಾಡಿ ಬಂದಿದ್ದೆ. ಹೋಟೆಲಿನಲ್ಲಿ ಕೂತವರು ಆ ಸೀಮೆಯ ಜನರನ್ನು ಕೇಳಲಿಲ್ಲವೆಂದು ಮರುಕದ ಸಾಲು ಬರೆದವನು ನಾನೇ.

ಕುರುಗೋಡಿನ ಬಸ್ ನಿಲ್ದಾಣ ದಾಟಿ, ಅವಳ ತವರಿನ ಓಣಿಯ ಮೊದಲಲ್ಲಿ ಕಾರು ನಿಲ್ಲಿಸಿದೆ. ಅವಳು ಬಾಗಿಲು ತೆರೆದು, ಇಳಿಯದೆ ಕೂತಳು.

“ಒಂದು ಕೇಳ್ತೀನ್ರಿ ಸರ್. ಇವತ್ತು ನೀವು ಬಂದಿದ್ದು ಯಾರ ಸಲುವಾಗಿ?”

ಈ ಸಲ ಸುಳ್ಳು ಹೇಳಲು ಆಗಲಿಲ್ಲ.

“ನನ್ನ ಸಲುವಾಗಿ,” ಎಂದೆ.

“ಹೂಂ,” ಎಂದಳು ಅವಳು. ಚೀಲ ತೆಗೆದುಕೊಂಡು ಇಳಿದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಓಣಿಯೊಳಗೆ ನಡೆದು ಹೋದಳು.