ಹೊಳೆಯುವ ಕಡೆಗೆ ಇಟ್ಟ ಕುಂಕುಮ

ನಾನು ಒಂದು ಬ್ಲೂ-ರೇ ಡ್ರೈವ್. ಕಂಪ್ಯೂಟರಿನ ಡಬ್ಬದೊಳಗೆ ಅಡ್ಡ ಮಲಗಿಕೊಂಡು, ಗುಂಡಿ ಒತ್ತಿದರೆ ನಾಲಗೆ ಚಾಚಿ, ಸೀಡಿ ಇಟ್ಟರೆ ಒಳಗೆಳೆದುಕೊಂಡು ಓದುವ ಜಾತಿ ನಮ್ಮದು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಗವಸು ತೊಟ್ಟ ಒಬ್ಬ ಹೆಂಗಸು ನನ್ನ ಕಣ್ಣನ್ನು, ಅಂದರೆ ನೇರಳೆ ಬೆಳಕು ಬಿಡುವ ಸಾಸಿವೆ ಕಾಳಿನಷ್ಟು ಗಾಜನ್ನು, ಜಾಗಕ್ಕೆ ಕೂರಿಸಿದಳು. ಒಂದು ಸೀಡಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟು ಮುಂದಿನದನ್ನು ಕೈಗೆತ್ತಿಕೊಂಡಳು. ನನ್ನ ಹುಟ್ಟಿನ ಸಂಭ್ರಮ ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸಾವಿರಾರು ಸಿನಿಮಾ ಓದಿದ್ದೇನೆ, ಒಂದನ್ನೂ ನೋಡಿಲ್ಲ. ಸೀಡಿಯ ಮೈಮೇಲಿನ ಕಣ್ಣಿಗೆ ಕಾಣದ ಗುಳಿಗಳು, ಗುಳಿಗಳ ನಡುವಿನ ಸಮ ಜಾಗ, ಇವಿಷ್ಟೇ ನನಗೆ ಗೊತ್ತು. ಅದನ್ನು ಇದ್ದ ಹಾಗೆ ಮೇಲಕ್ಕೆ ದಾಟಿಸುತ್ತೇನೆ. ಅಲ್ಲಿ ಅದು ನಾಯಕಿ ಆಗುತ್ತದೋ ಮಳೆ ಆಗುತ್ತದೋ, ನೋಡುವವರು ಬೇರೆ. ಕನ್ನಡವನ್ನೂ ಯಾರೂ ಕಲಿಸಲಿಲ್ಲ, ಮೇಜಿನ ಕೆಳಗೆ ಕೂತು ಕಿವಿಗೆ ಬಿದ್ದದ್ದನ್ನು ಆಯ್ದುಕೊಂಡೆ. ನನ್ನ ಪಾಲಿಗೆ ಜನ ಅಂದರೆ ಮೊಣಕಾಲಿನಿಂದ ಕೆಳಗಿನದು, ಆಮೇಲೆ ಒಂದು ದನಿ.

ನನ್ನ ಮೊದಲ ಯಜಮಾನರು ಹಾಸನದ ಒಬ್ಬ ಹಲ್ಲಿನ ಡಾಕ್ಟರು. ಬಿಡುವಿನ ಹೊತ್ತಿನಲ್ಲಿ ತಮ್ಮ ಸಿನಿಮಾ ಸೀಡಿಗಳನ್ನೆಲ್ಲ ಒಂದೊಂದಾಗಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಅವರ ಹುಚ್ಚು. ಬಂದ ಸ್ನೇಹಿತರಿಗೆಲ್ಲ ಒಂದೇ ಪಾಠ. ಇಳಿಸುವುದಕ್ಕೆ ಎರಡು ದಾರಿ ಇವೆಯಂತೆ. ಒಂದು, ಸೀಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಎತ್ತಿಟ್ಟು ಫೈಲಿನ ಹೊದಿಕೆ ಮಾತ್ರ ಬದಲಿಸುವುದು. ಜಾಗ ಬಹಳ ಬೇಕು, ಚಿತ್ರ ಮಾತ್ರ ಒಂದು ಚುಕ್ಕೆಯೂ ಕೆಡದು. ಇನ್ನೊಂದು, ಹಿಂಡಿ ಚಿಕ್ಕದು ಮಾಡುವುದು. ಜಾಗ ಉಳಿಯುತ್ತದೆ, ಮುಖ ಉಳಿಯುವುದಿಲ್ಲ. "ಹಲ್ಲನ್ನ ಯಾರು ಬೇಕಾದ್ರೂ ಕೀಳಬಹುದು ಕಣ್ರೀ," ಅನ್ನುತ್ತಿದ್ದರು, "ಬೇರು ಮುರೀದೆ ಕೀಳಬೇಕು."

ಆಮೇಲೆ ಸಿನಿಮಾ ಎಲ್ಲ ನೆಟ್‌ನಲ್ಲೇ ಬರತೊಡಗಿತು. ಅವರ ಕಾಲುಗಳು ಮೇಜಿನ ಕೆಳಗೆ ಬರುವುದು ಕಡಿಮೆಯಾಯಿತು. ಒಂದು ದಿನ ನನ್ನನ್ನು ಡಬ್ಬದ ಸಮೇತ ಚನ್ನರಾಯಪಟ್ಟಣದ ರುದ್ರಮುನಿಗೆ ಕೊಟ್ಟುಬಿಟ್ಟರು. ನನಗೆ ಬೇಜಾರಾಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ.

ರುದ್ರಮುನಿಯದು ಬಸ್ ಸ್ಟ್ಯಾಂಡಿನ ಎದುರು ಒಂದು ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ತೆಗೆದು ಕೊಡುವ ಕೆಲಸ. ಅವನ ಹೆಂಡತಿ ಶಾಂಭವಿ ಆಲ್ಬಮ್ ಕೂರಿಸುತ್ತಿದ್ದಳು. ಕಾಲಿಗೆ ಬೆಳ್ಳಿಯ ಕಾಲುಂಗುರ, ಅಂಗಡಿಗೆ ಬಂದ ತಕ್ಷಣ ಚಪ್ಪಲಿ ಬಾಗಿಲಲ್ಲೇ ಬಿಡುವವಳು. ವರ್ಷಕ್ಕೊಮ್ಮೆ, ಆಯುಧಪೂಜೆಯ ಬೆಳಿಗ್ಗೆ, ಅವಳು ಮೇಜಿನ ಕೆಳಗೆ ಪೂರಾ ಬಗ್ಗಿ ನನ್ನ ಮುಂದಿನ ಪಟ್ಟಿಗೆ ಗಂಧ ಹಚ್ಚಿ ಕುಂಕುಮ ಇಡುತ್ತಿದ್ದಳು. ನಾನು ಹತ್ತಿರದಿಂದ ಕಂಡ ಮುಖ ಅದೊಂದೇ. ಮೂಗಿನ ತುದಿಯಲ್ಲಿ ಬೆವರು ಇರುತ್ತಿತ್ತು.

ಮೊದಲೆರಡು ವರ್ಷ ಕೆಲಸ ಇತ್ತು. ಆಮೇಲೆ ಮದುವೆ ಮನೆಯವರೆಲ್ಲ ಪೆನ್‌ಡ್ರೈವ್ ಕೇಳತೊಡಗಿದರು. ನಾನು ಸುಮ್ಮನಿದ್ದೆ. ತಿಂಗಳುಗಟ್ಟಲೆ ನಾಲಗೆ ಚಾಚದೆ ಇದ್ದೆ.

ಹಾಗಿರುವಾಗ, ಗೌರಿಹಬ್ಬ ಕಳೆದ ಮೇಲೆ, ಒಂದು ಜೊತೆ ಕಪ್ಪು ಬೂಟು ಬಂದು ಮೇಜಿನ ಮುಂದೆ ನಿಂತವು. ಹಳೆಯವು, ಆದರೆ ಪಾಲಿಶ್ ಹಾಕಿದ್ದವು. ಬೋರಲಿಂಗೇಗೌಡರು. ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿ ನಿವೃತ್ತಿಯಾದವರು. ಒಂದು ಸೀಡಿ ಮೇಜಿನ ಮೇಲಿಟ್ಟು, ಹೆಂಡತಿ ಸಾಕಮ್ಮ ಕಾರ್ತೀಕದಲ್ಲಿ ತೀರಿಹೋದ ಸಂಗತಿ ಹೇಳಿದರು. ಆರೂವರೆ ಬಸ್ಸು ತಪ್ಪಿತು ಅನ್ನುವ ಹಾಗಿತ್ತು ಆ ದನಿ.

ಅವರು ನಿಧಾನವಾಗಿ ಹೇಳಿದ್ದರ ಸಾರಾಂಶ ಇಷ್ಟು. ಸಾಕಮ್ಮನಿಗೆ ಹತ್ತೊಂಬತ್ತು ವರ್ಷ ಇದ್ದಾಗ ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಿನಿಮಾದ ಶೂಟಿಂಗ್ ನಡೆದಿತ್ತು. ಬಸ್ಸಿಗೆ ಕಾಯುವ ಹೆಂಗಸರ ಸಾಲಿನಲ್ಲಿ ಅವಳನ್ನೂ ನಿಲ್ಲಿಸಿದರಂತೆ. ಹೀರೋ ಬಸ್ಸು ಹತ್ತುವಾಗ ಮೆಟ್ಟಿಲು ಎಡವಿದನಂತೆ, ಬಸ್ಸು ಹೊರಟಾಗ ಅವಳು ತಿರುಗಿ ನಕ್ಕುಬಿಟ್ಟಳಂತೆ, ಅದು ಹಾಗೇ ಸಿನಿಮಾದಲ್ಲಿ ಬಂದಿದೆಯಂತೆ. ಮದುವೆಯಾದ ಹೊಸದರಲ್ಲಿ ಹುರುಳಿಕಾಯಿ ಮುರಿಯುತ್ತಾ ಒಂದು ಸಲ ಗಂಡನಿಗೆ ಹೇಳಿದ್ದಳು. ಗೌಡರು ನಂಬಲಿಲ್ಲ. ಸೀಟು ಇಲ್ಲದಿದ್ದರೂ ಇದೆ ಅನ್ನುವ ಏಜೆಂಟರ ಹಾಗೆ ಮಾತಾಡಬೇಡ ಅಂದಿದ್ದರು. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ಅವರೂ ಕೇಳಲಿಲ್ಲ. ನಲವತ್ತು ವರ್ಷ ಹಾಗೇ ಹೋಯಿತು.

ಈಗ ವರ್ಷದ ತಿಥಿ ಹತ್ತಿರ ಬರುತ್ತಿತ್ತು. ಗೋಡೆಗೆ ಹಾಕಲು ಒಂದು ಫೋಟೋ ಇರಲಿಲ್ಲ. ಮದುವೆ ಫೋಟೋದಲ್ಲಿ ಬಾಸಿಂಗದ ಮುತ್ತಿನೆಳೆಗಳು ಮುಖ ಮುಚ್ಚಿವೆ. ಆಮೇಲೆ ಅವಳು ಯಾವ ಕ್ಯಾಮೆರಾದ ಮುಂದೆಯೂ ನಿಂತವಳಲ್ಲ. ಉಳಿದದ್ದು ಆಧಾರ್ ಕಾರ್ಡು. "ಅದ್ರಾಗೆ ಕಳ್ಳಿ ಇದ್ದಂಗವ್ಳೆ," ಅಂದರು ಗೌಡರು. ಟೀವಿಯಲ್ಲಿ ಆ ಸಿನಿಮಾ ಬಂದಾಗ ನೋಡಿದ್ದಾರೆ. ಹಸಿರು ಸೀರೆಯ ಒಬ್ಬಳು ಇದ್ದಾಳೆ, ಮುಖದ ಜಾಗದಲ್ಲಿ ಹಿಟ್ಟು ಮೆತ್ತಿದ ಹಾಗಿದೆ. ಅವಳೇ ಇರಬಹುದು, ಇಲ್ಲದೇನೂ ಇರಬಹುದು. ಹಳೆಯ ರೀಲನ್ನು ತೊಳೆದು ಶುದ್ಧ ಮಾಡಿ ಬ್ಲೂ-ರೇಯಲ್ಲಿ ಕೆಲವೇ ಪ್ರತಿ ತಂದಿದ್ದಾರೆ ಅಂತ ಯಾರೋ ಹೇಳಿ, ಬೆಂಗಳೂರಿನ ಅಂಗಡಿಯವನೊಬ್ಬ ಆರು ತಿಂಗಳು ಹುಡುಕಿ ಕೊಟ್ಟ ಸೀಡಿ ಇದು. ಇನ್ನೊಂದು ಸಿಗುವುದಿಲ್ಲ. ಅದನ್ನು ಹಾಕಿ ನೋಡುವ ಯಂತ್ರ ಅವರ ಮನೆಯಲ್ಲಿಲ್ಲ.

ಅಂದು ಆ ಸೀಡಿ ನನ್ನೊಳಗೆ ಬಂತು. ಒಂದು ಗೆರೆ ಇಲ್ಲದ ಮೈ. ಒಂದೇ ಓಟಕ್ಕೆ ಪೂರ್ತಿ ಓದಿ ಕೊಟ್ಟೆ. ರುದ್ರಮುನಿ ಮಾಡಿದ್ದು ಮಾತ್ರ ಬೇರೆ. ಶ್ರಾವಣದ ಮದುವೆಗಳ ವಿಡಿಯೋ ಇನ್ನೂ ಬಾಕಿ, ಕೈತುಂಬ ಕೆಲಸ. ಗೌಡರ ಪೆನ್‌ಡ್ರೈವು ನಾಲ್ಕು ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ ಅಂತ ಹಠ ಮಾಡಿತು. ಇವನು ನಲವತ್ತು ಜಿಬಿಯ ಸಿನಿಮಾವನ್ನು ಹಿಂಡಿ ನಾಲ್ಕರೊಳಗೆ ತೂರಿಸಿದ. ಪೂರ್ತಿ ಓದಿದ್ದನ್ನು ಜಾಗ ಸಾಲದೆಂದು ಅಳಿಸಿದ. ನೋಡಿ, ಅವನು ಕೆಟ್ಟವನಲ್ಲ. ನೂರು ಮದುವೆಗೆ ಹಾಗೇ ಮಾಡಿ ಕೊಟ್ಟಿದ್ದ, ಯಾರೂ ದೂರಿರಲಿಲ್ಲ. ಮದುವೆ ಮನೆಯವರು ತಮ್ಮ ಮುಖ ತಾವು ಹುಡುಕುವುದಿಲ್ಲ, ಗೊತ್ತೇ ಇರುತ್ತದೆ.

ಗೌಡರು ಪೆನ್‌ಡ್ರೈವು ಜೇಬಿಗಿಟ್ಟುಕೊಂಡು, ಮನೆಯಲ್ಲಿ ಇಲಿಕಾಟ, ಸೀಡಿ ಇಲ್ಲೇ ಇರಲಿ ಅಂದರು. "ರೈಟ್," ಅಂದು ಹೊರಟರು. ಹೊರಡುವಾಗ ಹಾಗನ್ನುವುದು ಅವರ ರೂಢಿ.

ಒಂದು ತಿಂಗಳು ಬರಲಿಲ್ಲ. ನಡುವೆ ಆಯುಧಪೂಜೆ ಬಂತು. ಶಾಂಭವಿ ಕ್ಯಾಮೆರಾ, ಲೈಟು, ಸ್ಟ್ಯಾಂಡು ಎಲ್ಲವನ್ನೂ ಬೆಂಚಿನ ಮೇಲೆ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಗಂಧ ಕುಂಕುಮ ಇಟ್ಟಳು. ಡಬ್ಬಿಯಿಂದ ಸೀಡಿ ತೆಗೆದು ಅದನ್ನೂ ಸಾಲಿಗಿಟ್ಟಳು. ಬರಹ ಇರುವ ಕಡೆ ಬೆನ್ನು, ಹೊಳೆಯುವ ಕಡೆಯೇ ಮುಖ ಅಂದುಕೊಂಡು, ಆ ಹೊಳೆಯುವ ಕಡೆಗೆ ಅಗಲವಾಗಿ ಒಂದು ಬೊಟ್ಟು ಇಟ್ಟಳು. ಇದೆಲ್ಲ ಮುಂದೆ ಅವರ ಮಾತಿನಿಂದ ನನಗೆ ತಿಳಿದದ್ದು. ಆಮೇಲೆ ಬಗ್ಗಿ ನನಗೂ ಇಟ್ಟಳು.

ಎರಡು ದಿನ ಬಿಟ್ಟು ರುದ್ರಮುನಿ ಅದನ್ನು ನೋಡಿದ. ಮೇಲಿನಿಂದ ಅವನ ಉಸಿರು ಕೇಳಿಸಿತು. ಒಣಗಿದ ಗಂಧವನ್ನು ಅಂಗಿಯ ಚುಂಗಿನಿಂದ ಸುತ್ತ ಸುತ್ತ ಉಜ್ಜಿ ಒರೆಸಿದ. ಕುಂಕುಮದ ಪುಡಿ ಮರಳಿನ ಹಾಗೆ ಗೀರು ಬಿಡುತ್ತದೆ ಅಂತ ಅವನಿಗೆ ಹೊಳೆಯಲಿಲ್ಲ. ಯಾರಿಗೂ ಹೇಳಬೇಡ ಅಂದ. ಶಾಂಭವಿ ಹೂಂ ಅಂದಳು.

ತಿಥಿಗೆ ಹತ್ತು ದಿನ ಇರುವಾಗ ಕಪ್ಪು ಬೂಟು ಮತ್ತೆ ಬಂದವು.

"ರುದ್ರಪ್ಪ, ಐವತ್ತು ಸೀಟಿನ ಬಸ್ಸಿಗೆ ಐನೂರು ಜನ ತುಂಬಿದಂಗೆ ಮಾಡಿದೀಯಲ್ಲಪ್ಪ," ಅಂದರು ಗೌಡರು. "ಯಾರ ಮುಖಾನೂ ಕಾಣಾಕಿಲ್ಲ."

ಬೈಗುಳವಲ್ಲ, ಸುಮ್ಮನೆ ವರದಿ. ಬೇಗ ಬಂದು ಹೇಳಬಾರದಿತ್ತಾ ಅಂತ ರುದ್ರಮುನಿ ಕೇಳಿದ್ದಕ್ಕೆ, ಬರೋಣ ಅಂದ್ಕೊಂಡೆ, ಬೂಟು ಹಾಕ್ಕೊಂಡು ಜಗಲಿ ಮೇಲೆ ಕೂತ್ಕೊಂಡೆ, ಹಂಗೇ ದಿನ ಹೋದವು ಅಂದರು. ಈ ಸಲ ಹಿಂಡುವುದು ಬೇಡ, ಒಂದು ಚೂರೂ ಬಿಡದ ಹಾಗೆ ಇದ್ದದ್ದು ಇದ್ದಂಗೆ ಇಳಿಸಿಕೊಡು ಅಂದರು.

ಸೀಡಿ ಒಳಗೆ ಬಂತು. ಶುರುವಿನಿಂದ ಓದುತ್ತಾ ಹೋದೆ. ಮುಕ್ಕಾಲು ದಾಟಿದ ಮೇಲೆ ಒಂದು ಕಡೆ ನನ್ನ ಬೆಳಕು ಚದುರಿತು. ಗುಳಿ ಯಾವುದು, ಗೀರು ಯಾವುದು, ತಿಳಿಯಲಿಲ್ಲ. ಹಿಂದೆ ಹೋಗಿ ಮತ್ತೆ ಬಂದೆ. ಮತ್ತೆ. ಮೇಲೆ ಪರದೆಯಲ್ಲಿ ಓದಲಾಗುತ್ತಿಲ್ಲ ಅಂತ ಬಂದಿರಬೇಕು, ರುದ್ರಮುನಿ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡ. ಸಿನಿಮಾದ ಯಾವ ಜಾಗ ಅದು ಅಂತ ಲೆಕ್ಕ ಹಾಕಿ ನೋಡಿದ. ಬಸ್ ಸ್ಟ್ಯಾಂಡು.

ಸಾಯಂಕಾಲ ಬನ್ನಿ ಅಂತ ಗೌಡರನ್ನು ಕಳಿಸಿ, ಹಾಸನದ ಡಾಕ್ಟರಿಗೆ ಫೋನ್ ಮಾಡಿದ. ಗೀರು ಬಿದ್ದ ಸೀಡಿಗೆ ಹಲ್ಲಿನ ಪೇಸ್ಟು ಹಚ್ಚಿ ಉಜ್ಜಿದರೆ ಸರಿ ಹೋಗುತ್ತದೆ ಅಂತಾರಲ್ಲ, ಹಚ್ಚಲಾ ಅಂತ ಕೇಳಿದ. ಫೋನು ಸ್ಪೀಕರಿನಲ್ಲಿತ್ತು. ನನ್ನ ಹಳೆಯ ಯಜಮಾನರ ದನಿ ಹಾಗೇ ಇತ್ತು.

"ಪೇಸ್ಟು ಹಲ್ಲಿಗೆ ಕಣ್ರೀ," ಅಂದರು. ಮೆತ್ತಗಿನ ಬಟ್ಟೆ ತೇವ ಮಾಡಿ, ಸುತ್ತ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಲು ಹೇಳಿದರು. ಓಟದ ವೇಗ ಪೂರಾ ಇಳಿಸಿ, ಬಾರದ ಜಾಗವನ್ನು ಮತ್ತೆ ಮತ್ತೆ ಕೇಳುತ್ತಾ ಇರಿ, ಡ್ರೈವಿನ ಕಣ್ಣಿಗೆ ವಯಸ್ಸಾಗಿದೆ, ಇದೇ ಅದರ ಕೊನೆಯ ಕೆಲಸ ಆದರೂ ಆಗಬಹುದು ಅಂದರು. ನನ್ನ ಬಗ್ಗೆ ಯಾರಾದರೂ ಅಷ್ಟು ಮಾತಾಡಿದ್ದು ಅದೇ ಮೊದಲು.

ಮೂರು ದಿನ ಓದಿದೆ. ಹಗಲೆಲ್ಲ ಒಂದೇ ಜಾಗ. ಹತ್ತು ಸಲ ಕೇಳಿದರೆ ಒಂದು ಸಲ ಒಂದು ಚೂರು ಸಿಗುತ್ತಿತ್ತು. ಅದನ್ನು ಮೇಲಕ್ಕೆ ಕೊಟ್ಟು ಮುಂದಿನ ಚೂರಿಗೆ ಕಾಯುತ್ತಿದ್ದೆ. ನನ್ನ ಬೆಳಕು ಮಂಕಾಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ನೋವಾಯಿತೇ ಅಂದರೆ, ನೋವು ಅನ್ನುವುದು ಎಲ್ಲಿ ಇರುತ್ತದೋ ನನಗೆ ತಿಳಿಯದು. ಗೌಡರು ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಬೂಟು ಅಲುಗಾಡುತ್ತಿರಲಿಲ್ಲ. ಶಾಂಭವಿ ಟೀ ತಂದರೆ ಕುಡಿಯುತ್ತಿದ್ದರು, ತರದಿದ್ದರೆ ಇಲ್ಲ.

ಮೂರನೆಯ ದಿನ ಮಧ್ಯಾಹ್ನ, ಇನ್ನು ಬರುವುದಿಲ್ಲ ಅನ್ನಿಸಿದ ಮೇಲೆ, ರುದ್ರಮುನಿ ಸಿಕ್ಕಿದ್ದಷ್ಟನ್ನು ಹಿಂಡದೆ ಒಂದೇ ಫೈಲಾಗಿ ಕಟ್ಟಿ, ದೊಡ್ಡ ಪರದೆಗೆ ಹಾಕಿದ. ಬಸ್ಸಿನ ಹಾರನ್ ಕೇಳಿಸಿತು. ಜನರ ಗಲಾಟೆ. ಇಂಜಿನ್ ಶುರುವಾದ ಸದ್ದು.

"ಹೋಲ್ಡಾನ್," ಅಂದರು ಗೌಡರು.

ಚಿತ್ರ ನಿಂತಿತು. ಮೂರು ಜೊತೆ ಕಾಲುಗಳೂ ನಿಂತವು.

"ಅವರೇನಾ ಗೌಡ್ರೇ?"

"ಅವ್ಳೇ," ಅಂದರು. ಸ್ಟೂಲು ಮುಂದಕ್ಕೆಳೆದುಕೊಂಡು, "ಸುಳ್ಳು ಹೇಳಿರ್ಲಿಲ್ಲ ಹಂಗಾದ್ರೆ," ಅಂದರು.

ಆಮೇಲೆ ವಸಿ ಮುಂದಕ್ಕೆ ಬಿಡು ಅಂದರು. ರುದ್ರಮುನಿ ಒಂದೊಂದೇ ಚಿತ್ರ ಸರಿಸಿದ. ಅವನು ಪಕ್ಕದಲ್ಲಿ ಹೇಳುತ್ತಾ ಹೋದದ್ದರಿಂದ ನನಗೂ ತಿಳಿಯಿತು. ಸಾಲಿನಲ್ಲಿ ಐದನೆಯವಳು ಅವಳು, ಹಸಿರು ಸೀರೆ, ಕೈಯಲ್ಲಿ ಚೀಲ. ಬಸ್ಸಿನ ಕಡೆ ತಿರುಗುತ್ತಾಳೆ. ತುಟಿ ಬಿಗಿ ಹಿಡಿದಿದ್ದಾಳೆ. ರೆಪ್ಪೆ ಎಣಿಸಬಹುದು, ಅಷ್ಟು ಸ್ಪಷ್ಟ. ಅಲ್ಲಿಗೆ ಚಿತ್ರ ಒಡೆದು ಹಸಿರು, ಕಂದು ಚೌಕಗಳಾಗುತ್ತದೆ. ಮತ್ತೆ ಕೂಡಿಕೊಳ್ಳುವ ಹೊತ್ತಿಗೆ ಬಸ್ಸು ರಸ್ತೆಯಲ್ಲಿದೆ. ನಗು ನನ್ನ ಕೈಗೆ ಸಿಗದ ಚೂರುಗಳಲ್ಲಿ ಉಳಿದಿತ್ತು. ಮೊದಲ ಸಲ ಹಿಂಡಿ ಕೊಟ್ಟ ಪೆನ್‌ಡ್ರೈವಿನಲ್ಲಿ ನಗು ಇದೆ, ಮುಖವಿಲ್ಲ. ಇದರಲ್ಲಿ ಮುಖ ಇದೆ, ನಗುವಿಲ್ಲ.

ಇಲ್ಲಿಗೇ ಯಾಕೆ ನಿಂತುಹೋಯಿತು ಅಂತ ಗೌಡರು ಕೇಳಿದರು. ಹಳೇ ಮಾಲು, ಬೆಂಗಳೂರಿನವನು ಹೇಗೆ ಇಟ್ಟಿದ್ದನೋ ಏನೋ ಅಂತ ರುದ್ರಮುನಿ ಶುರುಮಾಡಿದ. ಕಾಲುಂಗುರದ ಕಾಲು ಮುಂದೆ ಬಂತು.

"ನಾನು ಕಣಣ್ಣ," ಅಂದಳು ಶಾಂಭವಿ. "ಆಯುಧಪೂಜೆ ದಿನ ಕುಂಕುಮ ಇಟ್ಬಿಟ್ಟೆ ಅದಕ್ಕೆ. ಹೊಳೆಯೋ ಕಡೆ ಮುಖ ಅಂದ್ಕೊಂಡೆ."

ಒರೆಸಿದ್ದು ನಾನು, ಗೀರು ಬಿದ್ದದ್ದು ಅದರಿಂದ ಅಂತ ರುದ್ರಮುನಿ ತಗ್ಗಿದ ದನಿಯಲ್ಲಿ ಸೇರಿಸಿದ. ಕಪ್ಪು ಬೂಟು ಎದ್ದು ನಿಲ್ಲುತ್ತವೆ ಅಂದುಕೊಂಡೆ. ನಿಲ್ಲಲಿಲ್ಲ.

"ಮುತ್ತೈದೆಯಾಗೇ ಹೋದೋಳು," ಅಂದರು ಗೌಡರು, ಅದೇ ಸಪ್ಪೆ ದನಿಯಲ್ಲಿ. "ಸೂತಕದ ವರ್ಷ ಅಂತ ನಾನು ಹಬ್ಬದಲ್ಲಿ ಮನೇಲಿ ದೀಪಾನೂ ಹಚ್ಚಿರ್ಲಿಲ್ಲ. ಎಲ್ಲೋ ಒಂದು ಕಡೆ ಅವ್ಳಿಗೆ ಕುಂಕುಮ ಬಿತ್ತಲ್ಲ. ಬುಡು ತಾಯಿ."

 

ಚೌಕಗಳಾಗುವ ಮೊದಲಿನ ಆ ಒಂದು ಚಿತ್ರವನ್ನೇ ಫೋಟೋ ಮಾಡಿಕೊಡಲು ಹೇಳಿದರು. ನಗು ಇಲ್ಲವಲ್ಲ ಅಂತ ಶಾಂಭವಿ ಮೆಲ್ಲಗೆ ಅಂದದ್ದಕ್ಕೆ, "ನಗೋಕೆ ಮುಂಚೆ ಹಿಂಗೇ ತುಟಿ ಕಚ್ಚೋಳು. ನಾನ್ ನೋಡಿರೋದೂ ಇಷ್ಟೇಯ," ಅಂದರು. ಶಾಂಭವಿ ಫೋಟೋ ತಾನೇ ಕಟ್ಟು ಹಾಕಿ ಕೊಟ್ಟಳು. ಗೌಡರು ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡದ್ದು ಬಟ್ಟೆಯ ಸದ್ದಿನಿಂದ ತಿಳಿಯಿತು. ಬಾಗಿಲ ಹತ್ತಿರ ಬೂಟು ಒಂದು ಕ್ಷಣ ನಿಂತವು.

"ರೈಟ್," ಅಂದರು. ಹೋದರು.

ಆ ವಾರವೇ ನನ್ನ ಓದುವ ಕಣ್ಣು ಹೋಯಿತು. ಹೊಸ ಸೀಡಿ ಇಟ್ಟರೂ ಸುತ್ತಿ ಸುತ್ತಿ ಸುಮ್ಮನಾಗುತ್ತಿದ್ದೆ. ರುದ್ರಮುನಿ ನಾಲ್ಕು ತಿರುಪು ಬಿಚ್ಚಿ ನನ್ನನ್ನು ಹೊರತೆಗೆದು, ಹಳೆಯ ವೈರು, ಸತ್ತ ಮೌಸುಗಳಿದ್ದ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದ. ಗುಜರಿಯವನು ಎರಡು ಸಲ ಬಂದು ಹೋದ. ಎರಡು ಸಲವೂ ಶಾಂಭವಿ ಬುಟ್ಟಿಯನ್ನು ಕಾಲಿನಿಂದ ಒಳಗೆ ತಳ್ಳಿದಳು. 

ಆ ಮೂರು ದಿನ ನಾನು ಹುಡುಕಿದ ಮುಖ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದರ ಒಂದೊಂದು ಗುಳಿಯನ್ನೂ ನೂರು ಸಲ ಮುಟ್ಟಿದ್ದೇನೆ. ನೋಡಿಲ್ಲ.

ಮುಂದಿನ ಆಯುಧಪೂಜೆಗೆ ಶಾಂಭವಿ ಸೀಡಿಗಳನ್ನೆಲ್ಲ ಡಬ್ಬಿಯಲ್ಲೇ ಬಿಟ್ಟು ಡಬ್ಬಿಗೆ ಕುಂಕುಮ ಇಟ್ಟಳು. ಆಮೇಲೆ ಬುಟ್ಟಿ ಎಳೆದು, ವೈರುಗಳನ್ನು ಸರಿಸಿ, ನನ್ನನ್ನು ಹುಡುಕಿ ತೆಗೆದಳು. ಕೆಲಸ ಮಾಡದ ಯಂತ್ರಕ್ಕೆ ಯಾಕೆ ಅಂತ ರುದ್ರಮುನಿ ಕೇಳಿದ. ಅವಳು ಬಗ್ಗಿದಳು. ಬೆರಳಿನ ಗಂಧ ತಣ್ಣಗಿತ್ತು. ಮೂಗಿನ ತುದಿಯಲ್ಲಿ ಬೆವರು ಇತ್ತು.